ಗೋಡೆ ಪಕ್ಕದ ಹಾಲ್: ಬರ್ಲಿನ್‌ನಲ್ಲಿ ಒಂದು ಆಲ್ಬಮ್ ಹುಟ್ಟಿದ ಜಾಗಗಳು

ಒಂದು ಹಾಡು ಬಿಡುಗಡೆ ಆಗೋಕೆ ಮುಂಚೆ ಈಗ ಎಷ್ಟು ಮೆಟ್ಟಿಲು ಹತ್ತಬೇಕು ಅಂತ ನಿಮಗೆ ಗೊತ್ತೇ ಇದೆ. ಮೊದಲು ಒಂದು ಪೋಸ್ಟರ್. ಆಮೇಲೆ ‘ನಾಳೆ ಬೆಳಿಗ್ಗೆ 11ಕ್ಕೆ ಏನೋ ಇದೆ’ ಅನ್ನೋ ಪೋಸ್ಟ್. ಆಮೇಲೆ ಹದಿನೈದು ಸೆಕೆಂಡಿನ ಪ್ರೊಮೊ, ಲಿರಿಕಲ್ ವಿಡಿಯೊ, ರೀಲ್ಸ್ ಚಾಲೆಂಜ್. ಪೂರ್ತಿ ಹಾಡು ಬರೋ ಹೊತ್ತಿಗೆ ನಮಗೆ ಅದು ಹಳೇ ಹಾಡು ಅನ್ನಿಸಿಬಿಟ್ಟಿರುತ್ತೆ.

1977ರಲ್ಲಿ ಇದ್ಯಾವುದೂ ಇರಲಿಲ್ಲ. ಆದರೆ ಕೆಲಸ ಮಾಡೋದು ಒಂದು, ಅದನ್ನ ಊರಿಗೆಲ್ಲ ಹೇಳೋದು ಇನ್ನೊಂದು ಅನ್ನೋ ಒದ್ದಾಟ ಆಗಲೂ ಇತ್ತು. ಬ್ರಿಟನ್ನಿನ ಪಾಪ್ ಗಾಯಕ ಡೇವಿಡ್ ಬೋವಿ ಆ ವರ್ಷ ಬರ್ಲಿನ್‌ನಲ್ಲಿ ‘ಹೀರೋಸ್’ ಅನ್ನೋ ಆಲ್ಬಮ್ ಮಾಡಿದರು. ಅದು ತಯಾರಾದ ಜಾಗಗಳು ಇವತ್ತಿಗೂ ಇವೆ. ಸ್ವಲ್ಪ ನಡೆದು, ಸ್ವಲ್ಪ ಬಸ್ಸು-ಟ್ರೈನ್ ಹತ್ತಿ ನೋಡಿಕೊಂಡು ಬರಬಹುದು. ಆಫೀಸ್ ಕೆಲಸಕ್ಕೆ ಅಂತ ಎರಡು ವಾರ ಬರ್ಲಿನ್‌ನಲ್ಲಿದ್ದ ನಾನು ಒಂದು ವೀಕೆಂಡ್ ಪೂರ್ತಿ ಇದಕ್ಕೇ ಇಟ್ಟೆ.

ಮೇನ್ ರೋಡಿನ ಮನೆ

ಶುರು ಮಾಡಬೇಕಾದ್ದು ಶ್ಯೋನೆಬರ್ಗ್ ಬಡಾವಣೆಯಿಂದ. ಯು7 ಮೆಟ್ರೊ ಹಿಡಿದು ಕ್ಲೈಸ್ಟ್‌ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದರೆ ಹೌಪ್ಟ್‌ಸ್ಟ್ರಾಸೆ ಸಿಗುತ್ತೆ. ಹೌಪ್ಟ್‌ಸ್ಟ್ರಾಸೆ ಅಂದರೆ ಮುಖ್ಯ ರಸ್ತೆ, ನಮ್ಮ ಭಾಷೆಯಲ್ಲಿ ‘ಮೇನ್ ರೋಡ್’. ಹೆಸರಿಗೆ ತಕ್ಕ ಹಾಗೆ ಬಸ್ಸು, ಸೈಕಲ್ಲು, ಅಂಗಡಿ ಸಾಲು. ನಂಬರ್ 155 ಹಳೇ ಕಾಲದ ಒಂದು ಅಪಾರ್ಟ್‌ಮೆಂಟ್. ಗೋಡೆ ಮೇಲೆ ಬಿಳಿ ಪಿಂಗಾಣಿಯ ಒಂದು ಫಲಕ ಇಲ್ಲದಿದ್ದರೆ ಯಾರೂ ನಿಂತು ನೋಡಲ್ಲ. ಆ ಫಲಕ ಹಾಕಿದ್ದು 2016ರ ಆಗಸ್ಟ್‌ನಲ್ಲಿ, ಬೋವಿ ತೀರಿಕೊಂಡ ಏಳು ತಿಂಗಳ ಮೇಲೆ.

1976ರಲ್ಲಿ ಬೋವಿ ಇಲ್ಲಿಗೆ ಬಂದಾಗ ವಯಸ್ಸು 29. ಹೊರಗಿನಿಂದ ನೋಡಿದರೆ ಎಲ್ಲ ಇತ್ತು: ಹಿಟ್ ಹಾಡು, ಸಿನಿಮಾ, ಲಾಸ್ ಏಂಜಲೀಸ್‌ನಲ್ಲಿ ಬದುಕು. ಒಳಗೆ ಕೊಕೇನ್ ಅವರನ್ನ ತಿಂದು ಹಾಕ್ತಿತ್ತು. ಊಟ ಬಿಟ್ಟಿತ್ತು, ನಿದ್ದೆ ಬಿಟ್ಟಿತ್ತು. ಆ ಕಾಲದಲ್ಲಿ ಮಾಡಿದ ‘ಸ್ಟೇಷನ್ ಟು ಸ್ಟೇಷನ್’ ಆಲ್ಬಮ್ ರೆಕಾರ್ಡ್ ಆಗಿದ್ದು ತನಗೆ ಹೆಚ್ಚುಕಮ್ಮಿ ನೆನಪೇ ಇಲ್ಲ ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಮದುವೆ ಮುರಿಯೋ ಹಂತದಲ್ಲಿತ್ತು. ಅಲ್ಲೇ ಇದ್ದಿದ್ದರೆ ಬದುಕಿ ಉಳೀತಿದ್ದರಾ ಅನ್ನೋದೇ ಅನುಮಾನ.

ಹಾಗಾಗಿ ಬರ್ಲಿನ್. ಅದೂ ಪಶ್ಚಿಮ ಬರ್ಲಿನ್, ಸುತ್ತಲೂ ಕಮ್ಯುನಿಸ್ಟ್ ಪೂರ್ವ ಜರ್ಮನಿ, ನಡುವೆ ಗೋಡೆ ಕಟ್ಟಿಸಿಕೊಂಡ ದ್ವೀಪದಂಥ ಅರ್ಧ ನಗರ. ಬಾಡಿಗೆ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಬೀದಿಯಲ್ಲಿ ಹೋದರೆ ಯಾರೂ ತಿರುಗಿ ನೋಡ್ತಿರಲಿಲ್ಲ. ಬೋವಿ ಇಲ್ಲಿ ಮೀಸೆ ಬಿಟ್ಟರು, ಸಾದಾ ಅಂಗಿ ಹಾಕಿದರು, ಸೈಕಲ್ ತುಳಿದರು. ಕೆಳಗಡೆ ಕಾರಿನ ಬಿಡಿಭಾಗಗಳ ಅಂಗಡಿ, ಮೇಲೆ ಇವರ ಮನೆ. ಜೊತೆಗೆ ಗೆಳೆಯ, ಅಮೆರಿಕದ ಗಾಯಕ ಇಗ್ಗಿ ಪಾಪ್. ಅವರೂ ಅದೇ ಚಟ ಬಿಡಿಸಿಕೊಳ್ಳೋಕೆ ಬಂದವರು. ಬೋವಿ ದುಬಾರಿ ಅಂಗಡಿಯಿಂದ ತಂದು ಫ್ರಿಜ್‌ನಲ್ಲಿಟ್ಟ ತಿಂಡಿಯನ್ನ ಇಗ್ಗಿ ಖಾಲಿ ಮಾಡ್ತಿದ್ದರು ಅನ್ನೋ ಕಥೆ ಇದೆ. ಪಿಜಿಯಲ್ಲಿ ಇದ್ದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ!

ಪಕ್ಕದಲ್ಲೇ ಒಂದು ಕೆಫೆ ಇದೆ, ನೋಯೆಸ್ ಊಫರ್ ಅಂತ. ಆಗ ಅದರ ಹೆಸರು ಆಂಡರೆಸ್ ಊಫರ್. ಜರ್ಮನಿಯಲ್ಲಿ ಸಲಿಂಗಿಗಳು ಬಚ್ಚಿಟ್ಟುಕೊಳ್ಳದೆ ಬಂದು ಕೂರಬಹುದಾದ ಮೊದಮೊದಲ ಕೆಫೆಗಳಲ್ಲಿ ಒಂದು. ಬೋವಿ ಅಲ್ಲಿ ಬಂದು ಕೂರ್ತಿದ್ದರು. ನಾನೂ ಒಂದು ಕಾಫಿ ಕುಡಿದೆ. ಗೋಡೆಯಲ್ಲಿ ಅವರ ಫೋಟೊ ಬಿಟ್ಟರೆ ಅದು ಇವತ್ತಿಗೂ ಒಂದು ಸಾಮಾನ್ಯ ಏರಿಯಾ ಕೆಫೆ.

ಪ್ರಚಾರ ಮಾಡಲ್ಲ ಅಂದಾಗ

ಬೋವಿ ಈ ಮನೆಗೆ ಬಂದ ದಿನಗಳಲ್ಲೇ ‘ಲೋ’ ಅನ್ನೋ ಆಲ್ಬಮ್ ಮುಗಿಸ್ತಿದ್ದರು. ಬಹುಪಾಲು ಫ್ರಾನ್ಸ್‌ನಲ್ಲಿ ರೆಕಾರ್ಡ್ ಆಗಿ, ಬರ್ಲಿನ್‌ನಲ್ಲಿ ಪೂರ್ತಿಯಾದ ಕೆಲಸ ಅದು. ಅರ್ಧ ಆಲ್ಬಮ್ಮಿನಲ್ಲಿ ಮಾತೇ ಹೆಚ್ಚಿಲ್ಲ, ಬರೀ ಸಿಂಥಸೈಜರ್. ರೆಕಾರ್ಡ್ ಕಂಪನಿ ಆರ್‌ಸಿಎಗೆ ಕೈಕಾಲು ಆಡಲಿಲ್ಲ. ಹೊಸ ವರ್ಷಕ್ಕೆ ತಳ್ಳಿ, 1977ರ ಜನವರಿಯಲ್ಲಿ ಬಿಡುಗಡೆ ಮಾಡಿದರು.

ಬೋವಿ ಅದಕ್ಕೆ ಟೂರ್ ಮಾಡಲಿಲ್ಲ. ಬದಲಿಗೆ ಇಗ್ಗಿ ಪಾಪ್ ಅವರ ಟೂರ್‌ನಲ್ಲಿ ಕೀಬೋರ್ಡ್ ನುಡಿಸೋಕೆ ಹೋದರು. ವೇದಿಕೆಯ ಬದಿಯಲ್ಲಿ ಕೂತು, ಗೆಳೆಯನ ಹಾಡಿಗೆ ಸಾಥ್ ಕೊಡುವ ಕೆಲಸ. ತನ್ನ ಹೊಸ ಆಲ್ಬಮ್ ಅಂಗಡಿಯಲ್ಲಿ ಇರುವಾಗ! ಆದರೂ ‘ಸೌಂಡ್ ಆ್ಯಂಡ್ ವಿಷನ್’ ಹಾಡು ಬ್ರಿಟನ್ನಿನಲ್ಲಿ 3ನೇ ಸ್ಥಾನಕ್ಕೆ ಏರಿತು. ಬಿಬಿಸಿ ತನ್ನ ಕಾರ್ಯಕ್ರಮಗಳ ಟ್ರೇಲರ್‌ಗೆ ಆ ಹಾಡಿನ ತುಣುಕು ಬಳಸಿದ್ದೂ ಸಹಾಯಕ್ಕೆ ಬಂತು. ಹಾಡಿದವರು ಸುಮ್ಮನಿದ್ದರು, ಟಿವಿಯವರು ಪ್ರಚಾರ ಮಾಡಿಕೊಟ್ಟರು.

ಗೋಡೆ ಪಕ್ಕದ ಹಾಲ್

ಶ್ಯೋನೆಬರ್ಗ್‌ನಿಂದ ಬಸ್ಸಿನಲ್ಲಿ ಪಾಟ್ಸ್‌ಡಾಮರ್ ಪ್ಲಾಟ್ಸ್ ತಲುಪಿದರೆ ಗಾಜಿನ ಎತ್ತರದ ಕಟ್ಟಡ, ಮಾಲ್, ಸಿನಿಮಾ. ವೈಟ್‌ಫೀಲ್ಡ್ ನೋಡಿದವರಿಗೆ ಹೊಸದೇನೂ ಅನ್ನಿಸಲ್ಲ. 1977ರಲ್ಲಿ ಇಲ್ಲಿ ಏನೂ ಇರಲಿಲ್ಲ. ಗೋಡೆ, ಕಾವಲು ಗೋಪುರ, ಖಾಲಿ ಬಯಲು, ಅಷ್ಟೇ. ಈಗ ರಸ್ತೆಯಲ್ಲಿ ಎರಡು ಸಾಲು ಕಲ್ಲು ಹಾಸಿದ್ದಾರೆ. ಗೋಡೆ ಇದ್ದ ಗೆರೆ ಅದು. ಜನ ಅದರ ಮೇಲೆ ಸೂಟ್‌ಕೇಸ್ ಎಳೆದುಕೊಂಡು ಹೋಗ್ತಾರೆ.

ಅಲ್ಲಿಂದ ಕೆಲವೇ ನಿಮಿಷ ನಡೆದರೆ ಕ್ಯೋಟೆನರ್ ಸ್ಟ್ರಾಸೆ. ನಂಬರ್ 38, ಕಂಬಗಳಿರುವ ಗಂಭೀರ ಮುಖದ ಕಟ್ಟಡ. ಇದೇ ಹಾನ್ಸಾ ಸ್ಟುಡಿಯೊ. 1913ರ ಹೊತ್ತಿಗೆ ಇದನ್ನ ಕಟ್ಟಿಸಿಕೊಂಡಿದ್ದು ಕಟ್ಟಡ ಕಟ್ಟುವ ಕಸುಬಿನವರ ಸಂಘ. ಒಳಗಿನ ದೊಡ್ಡ ಹಾಲ್‌ನ ಹೆಸರು ಮೈಸ್ಟರ್‌ಸಾಲ್, ಅಂದರೆ ಮೇಸ್ತ್ರಿಗಳ ಹಾಲ್ ಅನ್ನಬಹುದು. ಕಸುಬು ಕಲಿತು ಪಳಗಿದವರಿಗೆ ಇಲ್ಲೇ ಸರ್ಟಿಫಿಕೇಟ್ ಕೊಡ್ತಿದ್ದರಂತೆ. ಆಮೇಲೆ ಸಂಗೀತ ಕಚೇರಿ, ಯುದ್ಧ, ಬಾಂಬು. ಎಪ್ಪತ್ತರ ದಶಕದಲ್ಲಿ ಒಂದು ಸಂಗೀತ ಪ್ರಕಾಶನ ಕುಟುಂಬ ಕೊಂಡು ಸ್ಟುಡಿಯೊ ಮಾಡಿತು. ಗಡಿಗೆ ಅಂಟಿಕೊಂಡಂತಿದ್ದ ಕಟ್ಟಡಕ್ಕೆ ಬೋವಿ ಇಟ್ಟ ಅಡ್ಡಹೆಸರು ‘ಗೋಡೆ ಪಕ್ಕದ ಹಾಲ್’.

ಮರದ ನೆಲ, ಎತ್ತರದ ಚಾವಣಿ, ಅಂಚಿನಲ್ಲಿ ಕೆತ್ತನೆ. ಕೈ ತಟ್ಟಿದರೆ ಆ ಸದ್ದು ಒಂದು ಸುತ್ತು ಹೊಡೆದು ವಾಪಸ್ ಬರುತ್ತೆ. ಈ ಪ್ರತಿಧ್ವನಿಯೇ ಆಲ್ಬಮ್ಮಿನ ಇನ್ನೊಂದು ವಾದ್ಯ.

1977ರ ಜುಲೈ-ಆಗಸ್ಟ್‌ನಲ್ಲಿ ಇಲ್ಲಿ ಕೆಲಸ ನಡೀತು. ನಿರ್ಮಾಪಕ ಟೋನಿ ವಿಸ್ಕಾಂಟಿ, ಸಿಂಥಸೈಜರ್‌ನಲ್ಲಿ ಬ್ರಯಾನ್ ಈನೊ, ಗಿಟಾರ್‌ಗೆ ಕಾರ್ಲೋಸ್ ಅಲೊಮಾರ್, ಬಾಸ್‌ಗೆ ಜಾರ್ಜ್ ಮರ್ರೆ, ಡ್ರಮ್ಸ್‌ಗೆ ಡೆನಿಸ್ ಡೇವಿಸ್. ನ್ಯೂಯಾರ್ಕ್‌ನಿಂದ ರಾಬರ್ಟ್ ಫ್ರಿಪ್ ಹಾರಿ ಬಂದರು. ಶೀರ್ಷಿಕೆ ಹಾಡಿನಲ್ಲಿ ಉದ್ದಕ್ಕೂ ಕೇಳೋ ಗಿಟಾರಿನ ಆ ಎಳೆ ಅವರದ್ದೇ. ಆ್ಯಂಪ್ಲಿಫೈಯರ್‌ಗೆ ಎಷ್ಟು ದೂರ ನಿಂತರೆ ಯಾವ ಸ್ವರ ಗುಂಯ್‌ಗುಡುತ್ತೆ ಅಂತ ನೋಡಿ, ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ, ಒಂದೊಂದು ಸ್ವರಕ್ಕೂ ಒಂದೊಂದು ಗುರುತಿನ ಮೇಲೆ ಹೋಗಿ ನಿಂತು ನುಡಿಸಿದರು. ತಾಳಕ್ಕೆ ಲೋಹದ ಸದ್ದು ಬೇಕಾದಾಗ ಟೇಪ್ ಸುತ್ತುವ ಖಾಲಿ ರೀಲನ್ನೇ ಬಡಿದರು.

ಹಾಡಿನ ಸಾಹಿತ್ಯ ಮಾತ್ರ ಕೊನೆವರೆಗೂ ಇರಲಿಲ್ಲ. ಸಂಗೀತ ಮುಗಿದ ಮೇಲೆ ದನಿ ಸೇರಿಸೋಕೆ ಟೇಪ್‌ನಲ್ಲಿ ಒಂದೇ ಟ್ರ್ಯಾಕ್ ಉಳಿದಿತ್ತು. ವಿಸ್ಕಾಂಟಿ ಮೂರು ಮೈಕ್ ಇಟ್ಟರು. ಮೊದಲನೇದು ಬಾಯಿಂದ ಸುಮಾರು ಒಂಬತ್ತು ಇಂಚು ದೂರ, ಎರಡನೇದು 20 ಅಡಿ, ಮೂರನೇದು 50 ಅಡಿ, ಹಾಲ್‌ನ ಆ ತುದಿಗೆ. ದೂರದ ಮೈಕ್‌ಗಳು ದನಿ ಜೋರಾದಾಗ ಮಾತ್ರ ತೆರೆದುಕೊಳ್ಳುವ ಹಾಗೆ ವ್ಯವಸ್ಥೆ. ಅಂದರೆ ಮೆಲ್ಲಗೆ ಹಾಡಿದರೆ ಕಿವಿ ಪಕ್ಕದಲ್ಲಿ ಮಾತಾಡಿದ ಹಾಗೆ. ಹಾಲ್ ಪೂರ್ತಿ ತುಂಬಬೇಕು ಅಂದರೆ ಕಿರುಚಲೇಬೇಕು. ಈಗ ಹೆಡ್‌ಫೋನ್ ಹಾಕಿ ಆ ಹಾಡು ಕೇಳಿ. ಶುರುವಿನಲ್ಲಿ ತಣ್ಣಗಿದ್ದ ಮನುಷ್ಯ ಕೊನೆಗೆ ಗಂಟಲು ಹರಿದು ಕೂಗೋದು ಯಾಕೆ ಅಂತ ಗೊತ್ತಾಗುತ್ತೆ. ಆ 50 ಅಡಿ ದೂರದ ಮೈಕನ್ನ ತಲುಪೋಕೆ ಅವರು ಒದ್ದಾಡ್ತಿದ್ದಾರೆ.

ಹೇಳದೆ ಉಳಿದ ಸುದ್ದಿ

ಕಂಟ್ರೋಲ್ ರೂಮಿನ ಕಿಟಕಿಯಿಂದ ಆಗ ಗೋಡೆ ಕಾಣ್ತಿತ್ತು. ಗೋಪುರದಲ್ಲಿ ಬಂದೂಕು ಹಿಡಿದ ಪೂರ್ವ ಜರ್ಮನಿಯ ಕಾವಲುಗಾರರೂ ಕಾಣ್ತಿದ್ದರು. ಆ ಗೋಡೆಯ ಹತ್ತಿರ ಕನಿಷ್ಠ 140 ಜನ ಸತ್ತಿದ್ದಾರೆ. ಈಗ ಕಿಟಕಿಗೆ ಅಡ್ಡವಾಗಿ ಬೇರೆ ಕಟ್ಟಡಗಳು ಬಂದಿವೆ.

ಸಾಹಿತ್ಯ ಬರೆಯೋಕೆ ಸ್ವಲ್ಪ ಹೊತ್ತು ಒಬ್ಬನೇ ಇರಬೇಕು ಅಂತ ಬೋವಿ ಎಲ್ಲರನ್ನೂ ಹೊರಗೆ ಕಳಿಸಿದರು. ವಿಸ್ಕಾಂಟಿ ಮತ್ತು ಆಲ್ಬಮ್ಮಿನ ಹಿನ್ನೆಲೆ ಗಾಯಕಿ ಆಂಟೋನಿಯಾ ಮಾಸ್ ಗೋಡೆಯ ಕಡೆ ನಡೆದರು. ಅಲ್ಲಿ ಅವರಿಬ್ಬರು ಮುತ್ತಿಟ್ಟಿದ್ದು ಕಿಟಕಿಯಲ್ಲಿದ್ದ ಬೋವಿ ಕಣ್ಣಿಗೆ ಬಿತ್ತು. ಗೋಡೆಯ ಕೆಳಗೆ ಭೇಟಿಯಾಗೋ ಪ್ರೇಮಿಗಳು ಹಾಡಿಗೆ ಬಂದಿದ್ದು ಹೀಗೆ ಅಂತ ವಿಸ್ಕಾಂಟಿ ಹೇಳ್ತಾರೆ.

ಇದು ಪ್ರಚಾರಕ್ಕೆ ಚಿನ್ನದಂಥ ಕಥೆ ಅಲ್ವಾ? ಶೀತಲ ಸಮರ, ಗೋಡೆ, ಬಂದೂಕು, ಎದುರಿಗೆ ಪ್ರೇಮಿಗಳು. ಆದರೆ ವಿಸ್ಕಾಂಟಿಗೆ ಆಗ ಮದುವೆಯಾಗಿತ್ತು. ಹಾಗಾಗಿ ಯಾರೋ ಗುರುತಿಲ್ಲದ ಜೋಡಿಯನ್ನ ನೋಡಿದೆ ಅಂತಷ್ಟೇ ಬೋವಿ ಸಂದರ್ಶನಗಳಲ್ಲಿ ಹೇಳ್ತಾ ಬಂದರು. ನಿಜವಾದ ಹೆಸರು ಅವರ ಬಾಯಿಂದ ಬಂದಿದ್ದು ದಶಕಗಳಾದ ಮೇಲೆ, ವಿಸ್ಕಾಂಟಿಯ ಆ ಮದುವೆ ಮುಗಿದು ಎಷ್ಟೋ ವರ್ಷ ಕಳೆದ ಮೇಲೆ.

ಅಲ್ಲಿಂದ ಐದು ನಿಮಿಷ ನಡೆದರೆ ನೀಡರ್‌ಕಿರ್ಷ್‌ನರ್ ಸ್ಟ್ರಾಸೆಯಲ್ಲಿ ಗೋಡೆಯ 200 ಮೀಟರ್ ಉದ್ದದ ತುಂಡು ಹಾಗೇ ನಿಂತಿದೆ. ಬಣ್ಣ ಇಲ್ಲ, ಚಿತ್ರ ಇಲ್ಲ. ಜನ ಸುತ್ತಿಗೆಯಲ್ಲಿ ಕೆತ್ತಿ ಕಿತ್ತುಕೊಂಡು ಹೋದ ತೂತುಗಳಲ್ಲಿ ತುಕ್ಕು ಹಿಡಿದ ಕಬ್ಬಿಣದ ಸರಳು ಕಾಣುತ್ತೆ. ಆ ಜೋಡಿ ನಿಂತಿದ್ದು ಇಂಥದೇ ಗೋಡೆಗೆ ಎದುರಾಗಿ ಅಂತ ಯೋಚಿಸಿದರೆ ಹಾಡು ಬೇರೆ ಥರ ಕೇಳಿಸುತ್ತೆ.

ಮ್ಯೂಸಿಯಂನಿಂದ ಬಂದ ಭಂಗಿ

ಆಲ್ಬಮ್ಮಿನ ಮುಖಪುಟ ನೀವು ನೋಡಿರ್ತೀರಿ: ಕಪ್ಪು-ಬಿಳುಪು ಫೋಟೊ, ಒಂದು ಕೈ ಎದೆ ಮೇಲೆ, ಇನ್ನೊಂದು ಕೈ ಎತ್ತಿ ಬೊಂಬೆಯ ಥರ. ತೆಗೆದವರು ಜಪಾನಿನ ಮಸಯೋಶಿ ಸುಕಿತಾ, 1977ರ ಏಪ್ರಿಲ್‌ನಲ್ಲಿ ಟೋಕಿಯೊದಲ್ಲಿ. ಇನ್ನೂ ಆಲ್ಬಮ್ಮೇ ರೆಕಾರ್ಡ್ ಆಗಿರಲಿಲ್ಲ!

ಆ ಭಂಗಿಯ ಬೇರು ಮಾತ್ರ ಬರ್ಲಿನ್‌ನ ಬ್ರ್ಯೂಕೆ ಮ್ಯೂಸಿಯಂನಲ್ಲಿದೆ. ಅದು ನಗರದ ನೈಋತ್ಯ ಅಂಚಿನಲ್ಲಿ, ಗ್ರುನೆವಾಲ್ಡ್ ಕಾಡಿನ ಪಕ್ಕ ಇರೋದರಿಂದ ನಾನು ಭಾನುವಾರ ಬೇರೆಯಾಗಿ ಹೋದೆ. ಬೋವಿ ಇಲ್ಲಿಗೆ ಪದೇ ಪದೇ ಬರ್ತಿದ್ದರು. ಎರಿಕ್ ಹೆಕೆಲ್ ಅವರ ‘ರೋಕೆರೋಲ್’ ಅನ್ನೋ 1917ರ ಚಿತ್ರದಲ್ಲಿ ಕೈಗಳು ಹೀಗೇ ಸೊಟ್ಟಗಿವೆ. ಆಟೊ ಮ್ಯೂಲರ್ ಬರೆದ ಇನ್ನೊಂದು ಚಿತ್ರದಲ್ಲಿ ಗೋಡೆಗಳ ನಡುವೆ ಒಬ್ಬರನ್ನೊಬ್ಬರು ಅಪ್ಪಿಕೊಂಡ ಪ್ರೇಮಿಗಳು. ಕಿಟಕಿಯಿಂದ ಕಂಡ ಜೋಡಿ ಬೋವಿ ಮನಸ್ಸಿನಲ್ಲಿ ಯಾಕೆ ನಿಂತಿತು ಅನ್ನೋದಕ್ಕೆ ಅರ್ಧ ಉತ್ತರ ಇಲ್ಲಿದೆ.

ಈ ಸಲ ಎಲ್ಲ ಕಡೆ ಹೋದರು

‘ಲೋ’ ಆಲ್ಬಮ್‌ಗೆ ಸುಮ್ಮನಿದ್ದ ಬೋವಿ ‘ಹೀರೋಸ್’ಗೆ ಹಾಗೆ ಮಾಡಲಿಲ್ಲ. ಅಷ್ಟರಲ್ಲಿ ವಯಸ್ಸು 30. ಆರೋಗ್ಯ ಸುಧಾರಿಸಿತ್ತು, ಮಾತಾಡೋಕೆ ಮನಸ್ಸಿತ್ತು. ಸಂದರ್ಶನ ಕೊಟ್ಟರು. ಗೆಳೆಯ ಮಾರ್ಕ್ ಬೊಲನ್ ಅವರ ಟಿವಿ ಶೋದಲ್ಲಿ ಹಾಡಿದರು. ಅದಾದ ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 16ರಂದು, ಬೊಲನ್ ಕಾರ್ ಅಪಘಾತದಲ್ಲಿ ತೀರಿಕೊಂಡರು. ಅದೇ ಸೆಪ್ಟೆಂಬರ್‌ನಲ್ಲಿ ಹಳೇ ತಲೆಮಾರಿನ ಗಾಯಕ ಬಿಂಗ್ ಕ್ರಾಸ್ಬಿ ಅವರ ಕ್ರಿಸ್‌ಮಸ್ ಕಾರ್ಯಕ್ರಮದಲ್ಲೂ ಕಾಣಿಸಿಕೊಂಡರು. ಅಕ್ಟೋಬರ್ 14ಕ್ಕೆ ಆಲ್ಬಮ್ ಅಂಗಡಿಗೆ ಬಂತು. ಅದೇ ದಿನ ಸ್ಪೇನ್‌ನಲ್ಲಿ ಕ್ರಾಸ್ಬಿ ತೀರಿಕೊಂಡರು. ಒಂದು ಆಲ್ಬಮ್ಮಿನ ಪ್ರಚಾರದ ಓಡಾಟದಲ್ಲಿ ಎರಡು ಸಾವು.

ಆರ್‌ಸಿಎ ಜಾಹೀರಾತಿನ ಸಾಲಿನ ತಾತ್ಪರ್ಯ ಹೀಗಿತ್ತು: ಹಳೇ ಅಲೆ ಒಂದಿದೆ, ಹೊಸ ಅಲೆ ಒಂದಿದೆ, ಇವೆರಡರ ಆಚೆ ಬೋವಿ ಇದ್ದಾರೆ. ಅದು ಪಂಕ್ ಸಂಗೀತ ಉರಿದೇಳುತ್ತಿದ್ದ ವರ್ಷ, ಸಾಲು ಸರಿಯಾಗಿ ಕೂತಿತು. ಜರ್ಮನ್ ಮತ್ತು ಫ್ರೆಂಚ್ ಮಾರುಕಟ್ಟೆಗೆ ಅಂತ ಅದೇ ಹಾಡನ್ನ ಆ ಭಾಷೆಗಳಲ್ಲೂ ಹಾಡಿದರು. ಈಗಿನ ಪ್ಯಾನ್ ಇಂಡಿಯಾ ಲೆಕ್ಕ ಅಂದುಕೊಳ್ಳಿ. ಜರ್ಮನ್ ಸಾಹಿತ್ಯಕ್ಕೆ ನೆರವಾದವರು ಅದೇ ಆಂಟೋನಿಯಾ ಮಾಸ್.

ಇಷ್ಟೆಲ್ಲ ಮಾಡಿದರೂ ಸಿಂಗಲ್ ಆಗಿ ಬಿಟ್ಟ ಶೀರ್ಷಿಕೆ ಹಾಡು ಬ್ರಿಟನ್ನಿನಲ್ಲಿ 24ರಲ್ಲೇ ನಿಂತಿತು. ಆಲ್ಬಮ್ 3ನೇ ಸ್ಥಾನಕ್ಕೆ ಬಂತು. ಅಮೆರಿಕದ ಹಾಟ್ 100 ಪಟ್ಟಿಯಲ್ಲಿ ಹಾಡಿಗೆ ಜಾಗವೇ ಸಿಗಲಿಲ್ಲ. ಇವತ್ತಿನ ಲೆಕ್ಕದಲ್ಲಿ ಮೊದಲ ವಾರದ ನಂಬರ್ ನೋಡಿ ಯಾರೋ ಮೀಟಿಂಗ್ ಕರೆದಿರ್ತಿದ್ದರು.

ಹತ್ತು ವರ್ಷ ಕಳೀತು. 1987ರ ಜೂನ್ 6ರಂದು ಬೋವಿ ಬರ್ಲಿನ್‌ನ ರೈಷ್‌ಸ್ಟಾಗ್ ಎದುರು ಹಾಡಿದರು. ಗೋಡೆ ಹತ್ತಿರದಲ್ಲೇ ಇತ್ತು. ಆ ಕಡೆ ಪೂರ್ವ ಬರ್ಲಿನ್ನಿನ ಹುಡುಗರು-ಹುಡುಗಿಯರು ಕೇಳೋಕೆ ಅಂತ ಸೇರಿದರು. ಕಛೇರಿಗಳು ಮೂರು ದಿನ ನಡೆದವು. ಆ ದಿನಗಳಲ್ಲಿ ಪೂರ್ವದ ಪೊಲೀಸರು ಜನರನ್ನ ಅಟ್ಟಿದರು, ಬಂಧಿಸಿದರು, ಜನ ಗೋಡೆ ತೊಲಗಲಿ ಅಂತ ಕೂಗಿದರು. ಗೋಡೆ ಬಿದ್ದಿದ್ದು ಒಂದು ಹಾಡಿನಿಂದ ಅಂತ ಯಾರೂ ಹೇಳಲ್ಲ. ಆದರೆ 2016ರಲ್ಲಿ ಬೋವಿ ಹೋದಾಗ ಜರ್ಮನಿಯ ವಿದೇಶಾಂಗ ಇಲಾಖೆ, ಗೋಡೆ ಕೆಡವೋಕೆ ನೆರವಾಗಿದ್ದಕ್ಕೆ ಥ್ಯಾಂಕ್ಸ್ ಅಂತ ಟ್ವೀಟ್ ಮಾಡಿತು. 24ನೇ ಸ್ಥಾನದಲ್ಲಿ ನಿಂತ ಹಾಡಿಗೆ ಒಂದು ಸರ್ಕಾರದಿಂದ ಬಂದ ಮೆಚ್ಚುಗೆ ಅದು.

ಸದ್ದಿಲ್ಲದ ಬಿಡುಗಡೆ

ಇನ್ನೊಂದು ಜಾಗ ಉಳಿದಿದೆ. ಅದಕ್ಕೆ ಪಾಟ್ಸ್‌ಡಾಮರ್ ಪ್ಲಾಟ್ಸ್‌ನಿಂದ ಎಸ್-ಬಾನ್ ಟ್ರೈನ್ ಹತ್ತಿ ಉತ್ತರಕ್ಕೆ ಬೋರ್ನ್‌ಹೋಲ್ಮರ್ ಸ್ಟ್ರಾಸೆವರೆಗೆ ಹೋಗಬೇಕು. ಗೋಡೆ ಇದ್ದ ಕಾಲದಲ್ಲಿ ಪಾಟ್ಸ್‌ಡಾಮರ್ ಪ್ಲಾಟ್ಸ್‌ನಲ್ಲಿ ಟ್ರೈನ್ ನಿಲ್ತಿರಲಿಲ್ಲ. ಪಶ್ಚಿಮದ ಟ್ರೈನ್‌ಗಳು ಪೂರ್ವದ ನೆಲದಡಿ, ದೀಪ ಮಂಕಾದ ಮುಚ್ಚಿದ ಸ್ಟೇಷನ್ನುಗಳನ್ನ ದಾಟಿಕೊಂಡು ಹೋಗ್ತಿದ್ದವು. ಜನ ಅವನ್ನ ದೆವ್ವದ ಸ್ಟೇಷನ್ ಅಂತಿದ್ದರು.

2013ರ ಜನವರಿ 8, ಬೋವಿಗೆ 66 ತುಂಬಿದ ದಿನ. ಬೆಳಗಿನ ಜಾವ ಇಂಟರ್‌ನೆಟ್‌ನಲ್ಲಿ ಒಂದು ಹೊಸ ಹಾಡು ಬಂತು, ‘ವೇರ್ ಆರ್ ವಿ ನೌ?’ ಅಂತ. ಪೋಸ್ಟರ್ ಇಲ್ಲ, ಪ್ರೊಮೊ ಇಲ್ಲ. 2004ರಲ್ಲಿ ಹೃದಯದ ತೊಂದರೆಯಾದ ಮೇಲೆ ಅವರು ನಿವೃತ್ತರಾದರು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ನಿಜದಲ್ಲಿ ಎರಡು ವರ್ಷದಿಂದ ನ್ಯೂಯಾರ್ಕ್‌ನ ಒಂದು ಸ್ಟುಡಿಯೊದಲ್ಲಿ ಅದೇ ವಿಸ್ಕಾಂಟಿ ಜೊತೆ ‘ದ ನೆಕ್ಸ್ಟ್ ಡೇ’ ಆಲ್ಬಮ್ ತಯಾರಾಗ್ತಿತ್ತು. ನುಡಿಸಿದವರು ಯಾರಿಗೂ ಹೇಳಲ್ಲ ಅಂತ ಸಹಿ ಹಾಕಿದ್ದರು. ಯಾರೂ ಬಾಯಿ ಬಿಡಲಿಲ್ಲ.

ಆಲ್ಬಮ್ ಮಾರ್ಚ್‌ನಲ್ಲಿ ಬಂತು. ವಿನ್ಯಾಸಕಾರ ಜೊನಾಥನ್ ಬಾರ್ನ್‌ಬ್ರುಕ್ ಮಾಡಿದ ಮುಖಪುಟದಲ್ಲಿ ‘ಹೀರೋಸ್’ನ ಅದೇ ಹಳೇ ಫೋಟೊ, ಅದರ ಮೇಲೆ ಒಂದು ಬಿಳಿ ಚೌಕ. ಮುಖವೇ ಕಾಣಲ್ಲ. ಬೋವಿ ಒಂದೂ ಸಂದರ್ಶನ ಕೊಡಲಿಲ್ಲ. ಬ್ರಿಟನ್ನಿನಲ್ಲಿ ಆಲ್ಬಮ್ ಮೊದಲ ಸ್ಥಾನಕ್ಕೆ ಏರಿತು, 1993ರ ನಂತರ ಮೊದಲ ಸಲ. ಈ ಮೌನವೂ ಒಂದು ಲೆಕ್ಕಾಚಾರದ ಪ್ರಚಾರವೇ ಅನ್ನಿ, ತಪ್ಪಿಲ್ಲ. ಆದರೆ ನಾಲ್ಕು ದಶಕ ಮಾಡಿದ ಕೆಲಸ ಬೆನ್ನಿಗಿದ್ದರೆ ಮಾತ್ರ ಆ ಲೆಕ್ಕ ಕೂಡಿಬರುತ್ತೆ.

ಆ ಹಾಡು ಶುರುವಾಗೋದೇ ಪಾಟ್ಸ್‌ಡಾಮರ್ ಪ್ಲಾಟ್ಸ್‌ನಿಂದ ಟ್ರೈನ್ ಹಿಡಿಯೋ ಮಾತಿನಿಂದ. 1977ರಲ್ಲಿ ಆಗದೇ ಇದ್ದ ಪ್ರಯಾಣ ಅದು. ಮುಂದೆ ಹಾಡಿನಲ್ಲಿ ಬೋಸೆಬ್ರ್ಯೂಕೆ ಅನ್ನೋ ಸೇತುವೆಯ ಹೆಸರು ಬರುತ್ತೆ. ಬೋರ್ನ್‌ಹೋಲ್ಮರ್ ಸ್ಟ್ರಾಸೆ ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ನೀವು ಅದೇ ಸೇತುವೆ ಮೇಲಿರ್ತೀರಿ. ಕಬ್ಬಿಣದ ಕಮಾನು, ಟ್ರಾಮ್, ಕೆಳಗೆ ಹಳಿಗಳು. 1989ರ ನವೆಂಬರ್ 9ರ ರಾತ್ರಿ ಗಡಿಯ ಗೇಟು ಮೊದಲು ತೆರೆದಿದ್ದು ಇಲ್ಲೇ. ಆ ರಾತ್ರಿ ಸಾವಿರಾರು ಜನ ಈ ಸೇತುವೆ ಮೇಲೆ ನಡೆದು ಆ ಕಡೆಗೆ ಹೋದರು.

ನಾನು ಹೋದಾಗ ಸಂಜೆ ಆರು ಗಂಟೆ. ಒಬ್ಬ ತಾಯಿ ತರಕಾರಿ ಚೀಲ ಹಿಡಿದು, ಮಗುವನ್ನ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಪೂರ್ವದಿಂದ ಪಶ್ಚಿಮಕ್ಕೆ ದಾಟಿದರು. ಅರ್ಧ ದಾರಿಯಲ್ಲಿ ನಿಂತು ಫೋನ್ ನೋಡಿಕೊಂಡು, ಮತ್ತೆ ನಡೆದರು.

ಹೋಗೋರಿಗೆ: ಊರೊಳಗಿನ ಸುತ್ತಾಟಕ್ಕೆ ಮೆಟ್ರೊ, ಬಸ್ಸು, ಎಸ್-ಬಾನ್ ಎಲ್ಲಕ್ಕೂ ಆಗೋ ಒಂದು ದಿನದ ಟಿಕೆಟ್ ಸಾಕು. ಹಾನ್ಸಾ ಸ್ಟುಡಿಯೊ ಒಳಗೆ ಹೋಗೋಕೆ ಗೈಡ್ ಇರುವ ಟೂರ್ ಮುಂಚೆಯೇ ಬುಕ್ ಮಾಡಬೇಕು, ಸುಮ್ಮನೆ ಹೋಗಿ ಬಾಗಿಲು ತಟ್ಟಿದರೆ ಬಿಡಲ್ಲ. ಬ್ರ್ಯೂಕೆ ಮ್ಯೂಸಿಯಂನಲ್ಲಿ ಪ್ರದರ್ಶನ ಬದಲಾಗ್ತಿರುತ್ತೆ, ಯಾವ ಚಿತ್ರ ಹಾಕಿದ್ದಾರೆ ನೋಡಿಕೊಂಡು ಹೋಗಿ. ಹೆಡ್‌ಫೋನ್ ಮರೀಬೇಡಿ. ನಿಮಗೂ ಹೀಗೆ ಒಂದು ಹಾಡು ಹುಟ್ಟಿದ ಊರಿಗೆ ಹೋದ ಅನುಭವ ಇದ್ದರೆ ನಮಗೆ ಬರೆದು ಕಳಿಸಿ.